ಬೊಟ್ಟಣ್ಣನ ಹುಲ್ಲು ತುಂಬಿದ ಬೇಟೆಗಳು

ಮಕ್ಕಳೇ, ಮರಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದ ಒಂದು ಕುರುಚಲು ಕಾಡಿನಲ್ಲಿ ಬೊಟ್ಟಣ್ಣ ಎಂಬ ಚಿರತೆ ಇದ್ದ. ಅವನ ಹೆಂಡತಿ ಚುಕ್ಕವ್ವ. ಅವರಿಗೆ ಎರಡು ಪುಟ್ಟ ಮರಿಗಳು. ಬಂಡೆಯಡಿಯ ಒಂದು ಗವಿಯಲ್ಲಿ ಅವರ ಸಂಸಾರ.

ಬೊಟ್ಟಣ್ಣ ಒಳ್ಳೆಯವನೇ. ಮರಿಗಳೆಂದರೆ ಅವನಿಗೆ ಪ್ರಾಣ. ಬೇಟೆಯಲ್ಲೂ ಗಟ್ಟಿಗ. ಆದರೆ ಯಾರಾದರೂ ಹೊಗಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಒಮ್ಮೆ ಅವನು ದೊಡ್ಡ ಕೊಂಬಿನ ಕಡವೆಯೊಂದನ್ನು ಹೊಡೆದ. ಕೆರೆಯ ಬಳಿ ಹೋಗಿ ಎಲ್ಲರಿಗೂ ಅದೇ ಕತೆ ಹೇಳಿದ. ಮರದ ಮೇಲಿದ್ದ ಮುಸುವ ಕಿಸಕ್ಕನೆ ನಕ್ಕಿತು.

"ಹೇಳುವುದಕ್ಕೇನು ಬೊಟ್ಟಣ್ಣ? ನಿನ್ನೆ ನಾನು ಆನೆಯನ್ನೇ ಹೊಡೆದೆ!"

ಎಲ್ಲರೂ ನಕ್ಕರು. ಬೊಟ್ಟಣ್ಣನಿಗೆ ಮೈಯೆಲ್ಲ ಉರಿಯಿತು. ಕಡವೆಯ ತೊಗಲು, ಕೊಂಬು ಹೊತ್ತುಕೊಂಡು ನೇರವಾಗಿ ಮುಳ್ಳುಹಂದಿ ಸೂಜಪ್ಪನ ಬಿಲಕ್ಕೆ ಹೋದ. ಸತ್ತ ಪ್ರಾಣಿಯ ತೊಗಲಿಗೆ ಹುಲ್ಲು ತುಂಬಿ, ಬದುಕಿರುವಂತೆ ನಿಲ್ಲಿಸುವುದು ಸೂಜಪ್ಪನ ಕಸುಬು.

"ಸೂಜಪ್ಪ, ನೋಡಿದವರ ಎದೆ ಝಲ್ಲೆನ್ನಬೇಕು. ಹಾಗೆ ಮಾಡಿಕೊಡು."

"ಮಾಡೋಣ ಬಿಡಣ್ಣ. ಕೊಂಬಿಗೆ ಎಣ್ಣೆ ಸವರಲೇ?"

"ಸವರು, ಸವರು!"

ಸೂಜಪ್ಪ ತಂಗಡಿ ಗಿಡದ ತೊಗಟೆಯ ಕಷಾಯದಲ್ಲಿ ತೊಗಲನ್ನು ಹದ ಮಾಡಿದ. ಹುಳು ಹಿಡಿಯದಿರಲೆಂದು ಬೇವಿನ ಪುಡಿ ಉದುರಿಸಿದ. ಒಣಹುಲ್ಲು ತುಂಬಿ ತನ್ನದೇ ಮುಳ್ಳಿನಿಂದ ಹೊಲಿದ. ಕಣ್ಣಿನ ಜಾಗಕ್ಕೆ ಅಂಟುವಾಳದ ಕಪ್ಪು ಬೀಜ ಕೂರಿಸಿದ. ಕಡವೆ ಇನ್ನೇನು ಓಡಿಬಿಡುತ್ತದೆ ಎಂಬಂತೆ ನಿಂತಿತು!

ಅಲ್ಲಿಂದ ಬೊಟ್ಟಣ್ಣನಿಗೆ ಹುಚ್ಚೇ ಹಿಡಿಯಿತು. ಕೋರೆ ಹಂದಿ, ಕೊಂಬಿನ ಜಿಂಕೆ, ಇನ್ನೊಂದು ಕಡವೆ. ಗವಿ ತುಂಬುತ್ತಾ ಬಂತು. ಮಲಗಲು ಜಾಗವಿಲ್ಲದೆ ಮರಿಗಳು ಹೊರಗಿನ ಬಂಡೆಗೆ ಹೋದವು. ಅಷ್ಟೇ ಅಲ್ಲ, ಎದುರಿಗೆ ಮೊಲ ಕುಪ್ಪಳಿಸಿದರೂ ಬೊಟ್ಟಣ್ಣ ಈಗ ತಿರುಗಿ ನೋಡುತ್ತಿರಲಿಲ್ಲ.

"ಮರಿಗಳು ಹಸಿದಿವೆ. ಒಂದು ಮೊಲವನ್ನಾದರೂ ತಾ" ಎಂದಳು ಚುಕ್ಕವ್ವ.

"ಮೊಲವೇ? ಅದನ್ನು ನಿಲ್ಲಿಸಿದರೆ ಯಾರು ನೋಡುತ್ತಾರೆ? ಸ್ವಲ್ಪ ತಾಳು, ದೊಡ್ಡದೇ ಸಿಗುತ್ತದೆ."

ದೊಡ್ಡದು ದಿನಾ ಸಿಗುತ್ತದೆಯೇ? ಮರಿಗಳ ಪಕ್ಕೆಲುಬುಗಳು ಕಾಣತೊಡಗಿದವು.

ಒಂದು ಬೆಳಿಗ್ಗೆ ಬೊಟ್ಟಣ್ಣ, "ನನ್ನ ಬೇಟೆಗಳನ್ನು ನೋಡಬನ್ನಿ" ಎಂದು ನೆರೆಹೊರೆಯವರನ್ನು ಕರೆಯಲು ಹೊರಟ. ಇನ್ನು ಇವನನ್ನು ನಂಬಿದರೆ ಆಗದು ಎಂದು ಚುಕ್ಕವ್ವ ತಾನೇ ಬೇಟೆಗೆ ಹೋದಳು. ಹುಲ್ಲುಗಾವಲಿನಲ್ಲಿ ಒಂದು ಗಂಡು ಜಿಂಕೆಯನ್ನು ಅಟ್ಟಿಸಿಕೊಂಡು ಬಂದಳು. ಜಿಂಕೆ ದಿಕ್ಕೆಟ್ಟು ಬಂಡೆಗಳ ಸಂದಿಯಲ್ಲಿ ನುಗ್ಗಿ, ಅವಳ ಕಣ್ಣು ತಪ್ಪಿಸಿ, ಗವಿಯೊಂದರ ಒಳಗೆ ಬಂದು ನಿಂತಿತು. ಅದು ಚಿರತೆಯ ಮನೆಯೆಂದು ಪಾಪ, ಅದಕ್ಕೇನು ಗೊತ್ತು?

ಸುತ್ತ ನೋಡಿದರೆ ಹುಲ್ಲು ತುಂಬಿದ ಪ್ರಾಣಿಗಳು! ಹೊರಗೆ ಯಾರೋ ಬರುವ ಸದ್ದು. ಓಡಲು ಬೇರೆ ದಾರಿಯಿಲ್ಲ. ಜಿಂಕೆ ಮೂಲೆಯಲ್ಲಿ ಕತ್ತೆತ್ತಿ, ಉಸಿರು ಬಿಗಿಹಿಡಿದು, ಕಲ್ಲಿನಂತೆ ನಿಂತಿತು.

ಬೊಟ್ಟಣ್ಣ ಕರಡಿ, ನರಿ, ಮುಸುವ ಈ ಮೂವರ ಜೊತೆ ಒಳಗೆ ಬಂದ. ಹೊರಗೆ ಬಂಡೆಯ ಮೇಲೆ ಮಲಗಿದ್ದ ಮರಿಗಳೂ ಎದ್ದು ಹಿಂದೆಯೇ ಬಂದವು.

"ಅಬ್ಬಾ!" ಎಂದ ಕರಡಿ. ಬೊಟ್ಟಣ್ಣನ ಮೀಸೆ ಕುಣಿಯಿತು. ಒಂದೊಂದರ ಕತೆಯನ್ನೂ ಹೇಳುತ್ತಾ ಮೂಲೆಗೆ ಬಂದ. ಈ ಜಿಂಕೆಯನ್ನು ಯಾವಾಗ ಹೊಡೆದೆ? ಅವನಿಗೆ ನೆನಪಾಗಲಿಲ್ಲ. ಆದರೆ ನಾಲ್ಕು ಜನರ ಎದುರು ಗೊತ್ತಿಲ್ಲ ಎನ್ನಲಾದೀತೇ?

"ಇದಾ? ಇದನ್ನು ಬೆಟ್ಟದಾಚೆಯವರೆಗೂ ಅಟ್ಟಾಡಿಸಿ ಹಿಡಿದೆ. 'ಬಿಟ್ಟುಬಿಡು ಯಜಮಾನ' ಎಂದು ಕಾಲಿಗೆ ಬಿದ್ದು ಅತ್ತಿತು. ನಾನು ಬಿಡುತ್ತೇನೆಯೇ?" ಎಂದು ಪಕ್ಕದ ಹಂದಿಯ ಬೆನ್ನಿಗೆ ಪಟ್ಟೆಂದು ತಟ್ಟಿದ.

ಹಂದಿಯ ಮೈಯಿಂದ ಬೇವಿನ ಪುಡಿ ಭುಸ್ಸೆಂದು ಎದ್ದಿತು.

"ಹಾ... ಹಾ... ಹಾಕ್ಷೀ!" ಎಂದು ಜಿಂಕೆ ಸೀನಿತು.

"ಅಯ್ಯಯ್ಯೋ, ಸತ್ತದ್ದು ಎದ್ದಿತು!" ಎಂದು ಕಿರುಚಿದ ಬೊಟ್ಟಣ್ಣ ಹಾರಿ ಕರಡಿಯ ಬೆನ್ನ ಹಿಂದೆ ಅವಿತುಕೊಂಡ. ಜಿಂಕೆ ಒಂದೇ ನೆಗೆತಕ್ಕೆ ಬಾಗಿಲಾಚೆ ಹೋಯಿತು.

"ನಾನು ಯಾರ ಕಾಲಿಗೂ ಬಿದ್ದಿಲ್ಲ, ಕೇಳಿದಿರಾ!" ಎಂಬ ಮಾತು ಮಾತ್ರ ಹೊರಗಿನಿಂದ ಬಂತು.

ಮುಸುವ ನಕ್ಕು ನಕ್ಕು ನೆಲಕ್ಕೆ ಉರುಳಿತು. ನರಿಗೆ ಬಿಕ್ಕಳಿಕೆಯೇ ಹಿಡಿಯಿತು. ಅಷ್ಟರಲ್ಲಿ ಚುಕ್ಕವ್ವ ಏದುಸಿರು ಬಿಡುತ್ತಾ ಬಂದಳು.

"ಒಂದು ಜಿಂಕೆ ಈ ಕಡೆ ಬಂತೇ? ಇವತ್ತಾದರೂ ಮರಿಗಳಿಗೆ ಊಟವಾಗುತ್ತಿತ್ತು."

ಎಲ್ಲರ ನಗುವೂ ನಿಂತಿತು. ಚಿಕ್ಕ ಮರಿ ತಂದೆಯ ಮುಖ ನೋಡಿತು.

"ಅಪ್ಪಾ, ಅದು ನಿಜವಾದ ಜಿಂಕೆಯಾ? ಹಾಗಾದರೆ ತಿನ್ನಬಹುದಿತ್ತಲ್ಲಾ?"

ಬೊಟ್ಟಣ್ಣ ಮರಿಯ ಹತ್ತಿರ ಬಂದ. ಮಗುವಿನ ಬೆನ್ನನ್ನು ಮೆಲ್ಲಗೆ ನೆಕ್ಕಿದ. ಎಲುಬು ನಾಲಿಗೆಗೆ ಒತ್ತಿತು. ಅವನು ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಮಧ್ಯಾಹ್ನ ತಿರುಗಿ ಬಂದಾಗ ಅವನ ಬಾಯಲ್ಲಿ ಒಂದು ಕೊಬ್ಬಿದ ಮೊಲವಿತ್ತು. ಮರಿಗಳು ಎರಡೂ ಕಡೆಯಿಂದ ಎಳೆದಾಡಿ ತಿಂದವು. ಚುಕ್ಕವ್ವ ನಗುತ್ತಾ, "ಹೇಗೆ ಹಿಡಿದೆ, ಹೇಳು ನೋಡೋಣ" ಎಂದಳು.

"ಅದಿರಲಿ," ಎಂದ ಬೊಟ್ಟಣ್ಣ, "ನೀನೂ ತಿನ್ನು, ಇನ್ನೂ ಬಿಸಿ ಇದೆ."

ನೀತಿ: ಊರವರ ಹೊಗಳಿಕೆಯ ಹಿಂದೆ ಓಡುವವನು ಮನೆಯವರ ಹಸಿವನ್ನು ಕಾಣಲಾರ.