ಗಾಳೆಪ್ಪನ ರೆಬಾಹಾ

ಹಂಪಿಯ ಕಡೆ ಒಬ್ಬಳು ಪಂಪಮ್ಮ ಇದ್ದಳು. ಅವಳಿಗೊಬ್ಬನೇ ಮಗ, ಗಾಳೆಪ್ಪ. ಮೂವತ್ತು ವರ್ಷದ ಆಳು, ಎತ್ತಿನಂಥ ಮೈ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಬುದ್ಧಿ. ಹೇಳಿದ ಹಾಗೆ ಮಾಡುವ ಮಗ ಸಿಕ್ಕರೆ ಪುಣ್ಯವಲ್ಲವೇ ಅನ್ನುತ್ತೀರಿ. ಸ್ವಲ್ಪ ತಡೆಯಿರಿ.

ಪಂಪಮ್ಮ ಹಳೇ ಸೀರೆ ಕತ್ತರಿಸಿ, ಕನ್ನಡಿ ಬಿಲ್ಲೆ ಕೂಡಿಸಿ ಜೋಳಿಗೆ ಹೊಲಿಯುತ್ತಿದ್ದಳು. ಕಲ್ಲುಮಂಟಪದ ನೆರಳಲ್ಲಿ ಚಾಪೆ ಹಾಸಿ, ಊರು ನೋಡಲು ಬಂದವರಿಗೆ ಮಾರುತ್ತಿದ್ದಳು. ಸ್ಪೇನ್ ದೇಶದವರು ಬಸ್ಸುಗಟ್ಟಲೆ ಬರುತ್ತಿದ್ದರು. ಅಕ್ಷರ ಗೊತ್ತಿಲ್ಲದ ಹೆಂಗಸು, ಅವರ ಬಾಯಿಂದಲೇ ಅವರ ಚೌಕಾಸಿಯ ಮಾತು ಕಲಿತುಬಿಟ್ಟಿದ್ದಳು.

ಒಂದು ವರ್ಷ ಅವಳಿಗೆ ಎದೆನೋವು ಹತ್ತಿತು. ಬಹಳ ದಿನ ಇಲ್ಲ ಅಂತ ಡಾಕ್ಟರು ಹೇಳಿಬಿಟ್ಟರು. ಸಾಯಲು ಅವಳಿಗೆ ಹೆದರಿಕೆ ಇರಲಿಲ್ಲ. ನಾನು ಹೋದ ಮೇಲೆ ಇವನು ತನ್ನ ತುತ್ತು ತಾನು ಹೇಗೆ ದುಡಿದಾನು? ಅದೊಂದೇ ಚಿಂತೆ. ಮಗನನ್ನು ಕರೆದಳು.

"ಗಾಳೆಪ್ಪ, ಇವತ್ತಿಂದ ಚಾಪಿ ಮ್ಯಾಲ ನೀನ ಕುಂದ್ರು. ಜೋಳಿಗಿ ಇನ್ನೂರು ಅನ್ನು. ಬೆನ್ನು ತಿರುವಿ ಹೊಂಟ್ರ ಹಿಂದ ಹೋಗು, 'ರೆಬಾಹಾ' ಅನ್ನು. ಬೆಲಿ ಇಳಿಸೀನಿ ಅಂತ ಅವರ ಮಾತು. ಹತ್ತು ಇಳಿಸು. ತಿರುಗಲಿಲ್ಲ, ಇನ್ನೊಂದು ಹತ್ತು. ತಿರುಗಿ ಬರೂತನಕ ಬಿಡಬ್ಯಾಡ!"

"ಆತು ಬೇ."

ಟೋಪಿ ಹಾಕಿದ ಒಬ್ಬ ಹೆಂಗಸು ಬಂದಳು. ಇನ್ನೂರು ಅಂದ. ತುಟಿ ಪಿಟಕ್ಕೆನ್ನದೆ ಇನ್ನೂರು ಕೊಟ್ಟಳು. ಜೋಳಿಗೆ ಹೆಗಲಿಗೆ ಹಾಕಿಕೊಂಡಳು, ಬೆನ್ನು ತಿರುಗಿಸಿ ಹೊರಟಳು. ಹೊರಟಳಲ್ಲ! ಗಾಳೆಪ್ಪ ಚಿಲ್ಲರೆ ಡಬ್ಬಿ ಎತ್ತಿಕೊಂಡು ಹಿಂದೆ ಓಡಿದ.

"ರೆಬಾಹಾ!" ಅಂದ, ಹಿಂದಿನಿಂದ ಅವಳ ಜೋಳಿಗೆಗೆ ಹತ್ತು ರೂಪಾಯಿ ಹಾಕಿದ. ಯಾರೋ ಬೇಡುವವನೆಂದು ಅವಳು ಬಿರಬಿರನೆ ನಡೆದಳು. "ರೆಬಾಹಾ!" ಇನ್ನೊಂದು ಹತ್ತು. "ರೆಬಾಹಾ!" ಮತ್ತೊಂದು ಹತ್ತು. ಬಸ್ಸು ಬರುವ ಹೊತ್ತಿಗೆ ಡಬ್ಬಿಯಲ್ಲಿದ್ದ ಹತ್ತರ ಇಪ್ಪತ್ತು ನೋಟೂ ಜೋಳಿಗೆಯೊಳಗಿದ್ದವು. ಅವಳು ತಿರುಗಲೇ ಇಲ್ಲ.

ಪಂಪಮ್ಮ ಹಣೆ ಹಣೆ ಚಚ್ಚಿಕೊಂಡಳು. "ಎಲಾ ಮಂಕ! ಮಾಲು ಕೈಗೆ ಬಂದವರಿಗೆ ಯಾರರ ರೆಬಾಹಾ ಅಂತಾರೇನು?"

"ಮತ್ತೇನನ್ಲಿ ಬೇ?"

"ಮಾಲು ಕೈಯಾಗಿದ್ದವರಿಗೆ 'ದೋಸ್ ಪೋರ್ ಊನೊ' ಅನ್ನು. ಒಂದು ತಗೊಂಡವರಿಗೆ ಎರಡು ಅಂತ. ಜೋಳಿಗಿ ಜೊತಿಗೆ ಒಂದು ಸಣ್ಣ ಸಂಚಿ ಕೊಟ್ಟು ಕಳಸು. ಖುಷಿಯಾಗಿ ನಾಕು ಮಂದೀನ ಕರಕೊಂಡು ಬರ್ತಾರ."

"ಆತು ಬೇ."

ಮಾರನೇ ದಿನ ಮಂಟಪದ ಮೇಲಿಂದ ಒಂದು ಮಂಗ ಇಳಿಯಿತು. ಒಂದು ಜೋಳಿಗೆ ಕಸಿದು ಕಂಬ ಹತ್ತಿತು. ಗಾಳೆಪ್ಪ ನೋಡಿದ. ಮಾಲು ಕೈಯಲ್ಲಿದೆ! ಸಂಚಿ ಹಿಡಿದು ಎದ್ದು ನಿಂತ. "ಏ ಯಜಮಾನ, ನಿಂದ ಇನ್ನೊಂದು ಐತಿ! ದೋಸ್ ಪೋರ್ ಊನೊ!" ಮಂಗ ಕೈ ಚಾಚಿ ಇಸಕೊಂಡಿತು. ಅವ್ವ ಹೇಳಿದ್ದು ಸುಳ್ಳಾಗಲಿಲ್ಲ, ಅದು ಖುಷಿಯಾಗಿ ನಾಲ್ಕಲ್ಲ, ಹದಿನಾಲ್ಕು ಮಂದಿಯನ್ನು ಕರಕೊಂಡು ಬಂತು. ಎಲ್ಲವೂ ಒಂದೊಂದು ಎತ್ತಿದವು. ಗಾಳೆಪ್ಪ ಎಲ್ಲಕ್ಕೂ ಒಂದೊಂದು ಸಂಚಿ ಕೊಟ್ಟ.

ನಗಿ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ಪಂಪಮ್ಮನಿಗೆ ಬೈಯಲು ಉಸಿರು ಸಾಲಲಿಲ್ಲ, ಆದರೂ ಬೈದಳು. "ರಾತ್ರಿ ಎಲ್ಲಾ ಕಣ್ಣು ಕಿತ್ತಕೊಂಡು ಹೊಲದಿದ್ದೆ ಅಲ್ಲೋ! ಮಂಗ್ಯಾಗ ಕೊಟ್ಟು ಬಂದಿಯಲ್ಲೋ! ಇನ್ನ ಮ್ಯಾಲ ಯಾರರ ಪುಗಸಟ್ಟೆ ಅಂದ್ರ ಕೋಲು ಎತ್ತು. 'ಗ್ರಾತಿಸ್ ನೋ' ಅನ್ನು. ಬಿಟ್ಟಿ ಇಲ್ಲ ಅಂತ!"

"ಆತು ಬೇ."

ಮಾರನೇ ಬೆಳಿಗ್ಗೆ ಪಂಪಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ನೆರೆಮನೆಯ ಹುಲಿಗೆಮ್ಮ ಬಿಸಿ ಗಂಜಿ ಕಾಯಿಸಿ ತಂದಳು. ಗಾಳೆಪ್ಪ ಬಾಗಿಲಲ್ಲಿ ಕೂತಿದ್ದ.

"ಇದಕ್ಕ ಎಷ್ಟು ಚಿಗವ್ವಾ?"

"ಎಷ್ಟು ಏನೋ ಹುಚ್ಚಪ್ಪ, ಪುಗಸಟ್ಟೆ. ನಿಮ್ಮವ್ವಗ ಕುಡಸು."

ಪುಗಸಟ್ಟೆ! ಗಾಳೆಪ್ಪ ಕೋಲು ಎತ್ತಿದ. "ಗ್ರಾತಿಸ್ ನೋ!" ಹುಲಿಗೆಮ್ಮ ಬೆಚ್ಚಿಬಿದ್ದಳು, ಗಂಜಿ ಹೊಸ್ತಿಲ ಮೇಲೆ ಚೆಲ್ಲಿತು. ಕೋಳಿ ಬಂದು ತಿಂದವು. ಅವತ್ತು ಪಂಪಮ್ಮ ಬರೀ ನೀರು ಕುಡಿದು ಮಲಗಿದಳು.

ಬೈಯಬೇಕೆಂದು ಬಾಯಿ ತೆರೆದಳು, ಅಳು ಬಂತು. ಮಗನ ಕೈ ಹಿಡಿದುಕೊಂಡಳು. "ಹುಲಿಗೆಮ್ಮ ನಮ್ಮಾಕಿ ಅಲ್ಲೇನೋ. ನಮ್ಮವರಿಗೆ ಬೆಲಿ ಹೇಳಬಾರದು, ಬೆಲಿ ಕೇಳಬಾರದು. ಆ ಮಾತೆಲ್ಲ ದೂರದವರಿಗೆ ನೋಡಪ್ಪ. ದೂರ ಹೋಗೋರಿಗೆ ಅಷ್ಟ."

"ದೂರ ಹೋಗೋರಿಗೆ," ಅಂತ ಗಾಳೆಪ್ಪ ಬಾಯಿಪಾಠ ಮಾಡಿದ. "ದೂರ ಹೋಗೋರಿಗೆ."

"ನಾ ಇಲ್ಲಂದ್ರ ಏನು ತಿಂತಿ ಮಗನ?"

"ಎರಡು ರೊಟ್ಟಿ ಬೇ," ಅಂದ ಅವನು.

ಮೂರನೇ ದಿನ ಪಂಪಮ್ಮ ತೀರಿಕೊಂಡಳು. ಊರವರು ಬಂದರು, ಸ್ನಾನ ಮಾಡಿಸಿದರು, ಹೂವು ಹಾಕಿದರು. ಗಾಳೆಪ್ಪನಿಗೆ ಏನೂ ತಿಳಿಯಲಿಲ್ಲ. "ಅವ್ವ ಯಾಕ ಏಳವಲ್ಲಳು? ಎಲ್ಲಿ ಹೊಂಟಾಳ?" ಅಂತ ಒಬ್ಬೊಬ್ಬರನ್ನೇ ಕೇಳಿದ. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು, "ದೂರ ಹೊಂಟಾಳಪ್ಪ. ಬಾಳ ದೂರ."

ದೂರ! ಗಾಳೆಪ್ಪನ ಮುಖ ಅರಳಿತು. ದೂರ ಹೋಗೋರಿಗೆ ಏನನ್ನಬೇಕು ಅಂತ ಅವನಿಗೆ ಗೊತ್ತಿತ್ತು. ಅವ್ವನೇ ಕಲಿಸಿದ್ದಳಲ್ಲ, ತಿರುಗಿ ಬರುವ ತನಕ ಬಿಡಬೇಡ ಅಂತ.

ನಾಲ್ವರು ಹೆಗಲು ಕೊಟ್ಟು ಎತ್ತಿದರು. ಗಾಳೆಪ್ಪ ಹಿಂದೆ ಓಡಿದ.

"ರೆಬಾಹಾ ಯವ್ವಾ! ಎರಡು ರೊಟ್ಟಿ ಬ್ಯಾಡ, ಒಂದ ಸಾಕು!"

ಜನ ನಿಂತು ನೋಡಿದರು. ಹೊತ್ತವರು ನಿಲ್ಲಲಿಲ್ಲ.

"ರೆಬಾಹಾ! ಅರ್ಧ ರೊಟ್ಟಿ ಸಾಕು ಬೇ! ಪಲ್ಯಾ ಬ್ಯಾಡ!"

ಬಸ್ ನಿಲ್ದಾಣ ದಾಟಿತು. ಮಂಟಪ ದಾಟಿತು. ಕಂಬದ ಮೇಲಿನ ಮಂಗಗಳ ಕೊರಳಲ್ಲಿ ಪಂಪಮ್ಮನ ಜೋಳಿಗೆಗಳಿದ್ದವು, ಕನ್ನಡಿ ಮಿಂಚುತ್ತಿದ್ದವು.

"ರೆಬಾಹಾ! ರೊಟ್ಟಿನ ಬ್ಯಾಡ ಯವ್ವಾ! ಬೈದರ ಸಾಕು!"

ಮುಂದೆ ನಡೆಯುತ್ತಿದ್ದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವನಪ್ಪ ಅವನ ತಲೆಗೊಂದು ಕೊಟ್ಟು, ತಾನೇ ಅಳತೊಡಗಿದ.

"ರೆಬಾಹಾ! ಬೈಯೂದೂ ಬ್ಯಾಡ! ಚಾಪಿ ಮ್ಯಾಲ ಬಂದು ಸುಮ್ನ ಕುಂದ್ರು ಬೇ! ಒಂದ ಸಲ ಹೊಳ್ಳಿ ನೋಡು!"

ಹೊಳೆದಂಡೆ ಬಂತು. ಕುಣಿಯ ಹತ್ತಿರ ಇಳಿಸಿದರು. ಮಣ್ಣು ಹಾಕಲು ಎಲ್ಲರೂ ಬಗ್ಗಿದರು. ಗಾಳೆಪ್ಪ ಅಂಚಿಗೆ ಬಂದು ಕೂತ. ಅವನ ದನಿ ಸೋತಿತ್ತು.

"ಗ್ರಾತಿಸ್ ಯವ್ವಾ," ಅಂದ. "ಪುಗಸಟ್ಟೆ. ನಂಗ ಏನೂ ಬ್ಯಾಡ."

ಪಂಪಮ್ಮ ತಿರುಗಲಿಲ್ಲ.

ಗಾಳೆಪ್ಪ ತಲೆಯೆತ್ತಿ ಹುಲಿಗೆಮ್ಮನ ಕಡೆ ನೋಡಿದ. "ಚಿಗವ್ವಾ, ಪುಗಸಟ್ಟೆ ಅಂದ್ರೂ ಬರವಲ್ಲಳು. ಇದಕ್ಕಿಂತ ಕೆಳಗಿನ ಮಾತು ಅವ್ವ ನಂಗ ಕಲಿಸಲೇ ಇಲ್ಲ. ನಿಂಗ ಗೊತ್ತೈತೇನು?"

ಹುಲಿಗೆಮ್ಮನಿಗೆ ಗೊತ್ತಿರಲಿಲ್ಲ. ಇಷ್ಟು ಹೇಳಿದ ನನಗೂ ಗೊತ್ತಿಲ್ಲ. ಕೇಳಿದ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೋಗಿ ಅವನಿಗೆ ಹೇಳಿಬನ್ನಿ, ಅವನು ಹೇಳಿದ ಹಾಗೇ ಮಾಡುತ್ತಾನೆ.