ಅಳಿಲಿನ ಉಗ್ರಾಣದ ಆ್ಯಪ್

ಕಾಳಿನ ವ್ಯಾಪಾರಿ ಅಳಿಲು ತನ್ನ ಉಗ್ರಾಣಕ್ಕೊಂದು ವೆಬ್ ಆ್ಯಪ್ ಮಾಡಿಕೊಡೆಂದು ಗೀಜಗನಿಗೆ ಹೇಳಿತು. ಗೀಜಗ ಅರ್ಧ ಕೆಲಸ ತಂದು, "ಉಗ್ರಾಣ ಕಾಯುವ ಹೆಗ್ಗಣಜ್ಜನಿಗೆ ಒಮ್ಮೆ ತೋರಿಸಿ, ಒಡೆಯ. ನಾವು ಗೂಡನ್ನೂ ಅರ್ಧ ನೇಯ್ದು, ಮೊಟ್ಟೆಯಿಡುವವಳು ನೋಡಿ ಒಪ್ಪಿದ ಮೇಲೆಯೇ ಮುಗಿಸುವುದು" ಎಂದಿತು.

ಅಳಿಲಿಗೆ ರೇಗಿತು. "ಯಜಮಾನ ನಾನು ಒಪ್ಪಿದರೆ ಸಾಲದೇ? ಮುಗಿಸು."

ಗೀಜಗ ಮುಗಿಸಿಕೊಟ್ಟಿತು. "ಇನ್ನು ಯಾರೂ ಬಾಯಲ್ಲಿ ಹೇಳಿ ಕಳಿಸಬೇಡಿ, ಎಲ್ಲವೂ ಆ್ಯಪಿನಲ್ಲೇ ಬರಲಿ" ಎಂದು ಅಳಿಲು ಅಪ್ಪಣೆ ಮಾಡಿತು. ಮಳೆಗಾಲವೆಲ್ಲ ಉಗ್ರಾಣದಿಂದ ಒಂದಕ್ಷರ ಬರಲಿಲ್ಲ, ಅಳಿಲು ನೆಮ್ಮದಿಯಾಗಿತ್ತು. ಕೊನೆಗೊಂದು ದಿನ ತಾನೇ ಇಳಿದು ನೋಡಿದರೆ ಕಾಳೆಲ್ಲ ನೆನೆದು ಮೊಳಕೆಯೊಡೆದಿತ್ತು.

"ಯಾಕೆ ತಿಳಿಸಲಿಲ್ಲ?" ಎಂದು ಹೆಗ್ಗಣಜ್ಜನನ್ನು ಗದರಿತು.

ಅಜ್ಜ ದನಿ ಬಂದ ಕಡೆಗೆ ಮುಖ ತಿರುಗಿಸಿದ. "ಬಾಯಲ್ಲಿ ಹೇಳಬೇಡ ಅಂದಿರಿ. ನನ್ನ ಕಣ್ಣು ಹೋಗಿ ಆರು ವರ್ಷವಾಯಿತು, ಒಡೆಯ."