ಬರುವ ಮೊದಲೇ ಕಳಿಸಿಕೊಟ್ಟ ಪಡುಗಾಳಿ

ಒಂದಾನೊಂದು ಕಾಲದಲ್ಲಿ, ದೋಣಿಗೆ ಇಂಜಿನ್ ಅನ್ನೋದೇ ಇಲ್ಲದ ಕಾಲದಲ್ಲಿ, ನಮ್ಮ ಕಡಲ ಕರೇಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಗಂಡುಮಕ್ಕಳು. ಮನೆ ಎದುರಿಗೆ ಕಡಲಲ್ಲಿ ಒಂದು ನಡುಗಡ್ಡೆ, ಅದರ ಸುತ್ತ ನೀರಡಿಗೆ ಹವಳದ ತೋಟ. ತೋಟ ಅಂದ್ರೆ ತೋಟವೇ ಮಗಾ, ಹಸಿರು, ಕಂದು, ನೇರಳೆ, ನಡುನಡುವೆ ಗಿಳಿಬಣ್ಣದ ಮೀನು. ನಾನು ಸಣ್ಣವಳಿದ್ದಾಗ ಅಪ್ಪನ ದೋಣಿಯಿಂದ ಬಗ್ಗಿ ಅಂಥದ್ದೊಂದು ನೋಡಿದ್ದೆ, ಚಳಿಗಾಲದ ನೀರು ಅಷ್ಟು ತಿಳಿ. ಈಗ ನೆನೆಸ್ಕೊಂಡ್ರೂ ಎದೆ ತುಂಬಿ ಬರ್ತದೆ. ಇರಲಿ, ನೀನು ಮಗ್ಗುಲಾಗು, ಕಾಲು ಒದೀಬೇಡ.

ಆ ಕಡಲಿಗೆ ವರ್ಷಕ್ಕೆ ಇಬ್ಬರು ನೆಂಟರು. ಮಳೆಗಾಲಕ್ಕೆ ಪಡುಗಾಳಿ ಬರ್ತಿದ್ದನಂತೆ. ಮಹಾ ಒರಟ, ಕೆಸರುಗಾಲಲ್ಲೇ ಒಳಗೆ ನುಗ್ಗೋನು, ಮಾಡಿನ ಮೇಲೆ ಹೊದಿಸಿದ ತೆಂಗಿನ ಮಡಲು ಹಾರಿಸೋನು, ನೀರನ್ನೆಲ್ಲ ತೆಂಕು ದಿಕ್ಕಿಗೆ ಅಟ್ಟೋನು. ಶ್ರಾವಣದ ನೂಲ ಹುಣ್ಣಿಮೆ ದಿನ ಊರವರೆಲ್ಲ ಕಡಲಿಗೆ ತೆಂಗಿನಕಾಯಿ ಬಿಟ್ಟು, ಸಾಕಪ್ಪಾ, ಇನ್ನು ಹೋಗಿ ಬಾ ಅಂತ ಅವನನ್ನು ಕಳಿಸಿಕೊಡೋದು ವಾಡಿಕೆ. ಆಮೇಲೆ ದೀಪಾವಳಿ ಕಳೆದ ಮೇಲೆ ಮೂಡುಗಾಳಿ ಬರ್ತಿದ್ದಳು, ಮೆತ್ತನೆ ಮಾತಿನವಳು. ಆಗ ನೀರಿನ ಸೆಳೆತ ಹಿಂದೆ ತಿರುಗಿ ಬಡಗು ದಿಕ್ಕಿಗೆ ಹರಿದು, ತೆಂಕಣದ ಬೆಚ್ಚನೆ ತಿಳಿನೀರು ತೋಟಕ್ಕೆ ಬರ್ತಿತ್ತಂತೆ.

ಒಂದು ಮಳೆಗಾಲ ಮಾಸ್ತಮ್ಮನ ಗಂಡ ದೋಣಿ ಇಳಿಸಿದವನು ತಿರುಗಿ ಬರಲೇ ಇಲ್ಲ. ಆವತ್ತಿನಿಂದ ಪಡುಗಾಳಿ ಹೆಸರೆತ್ತಿದ್ರೆ ಅವಳಿಗೆ ಮೈಯೆಲ್ಲ ಉರಿ. ಆಮೇಲೆ ಮಕ್ಕಳಿಗೆ ಮೀಸೆ ಬಂತು, ಅಪ್ಪನ ಹುಟ್ಟು ಹಿಡಿದರು. ಇವರನ್ನೂ ನುಂಗ್ತಾನೆ ಅಂತ ಹೆದರಿ ಏನು ಮಾಡಿದಳು ಗೊತ್ತಾ, ಇನ್ನೂ ಮೋಡ ಕಟ್ಟಿಲ್ಲ, ಒಬ್ಬಳೇ ಹೋಗಿ ಆ ಕಳಿಸೋ ಕಾಯನ್ನ ಕಡಲಿಗೆ ಬಿಟ್ಟಳು. ಹೋಗಿ ಬಾ ಅಂತಲೂ ಅನ್ನಲಿಲ್ಲ, ಹೋಗು ಅಂದಳು.

ಪಡುಗಾಳಿ ಆಗಷ್ಟೇ ಗಂಟುಮೂಟೆ ಕಟ್ಟಿ ಹೊರಟಿದ್ದನಂತೆ. ಕಾಯಿ ತೇಲಿ ಬಂದದ್ದು ನೋಡಿ, ಬರುವ ಮೊದಲೇ ಕಳಿಸ್ತಾರಲ್ಲ ಅಂತ ಮುಖ ಊದಿಸ್ಕೊಂಡು ನಡುಗಡಲಲ್ಲೇ ಕೂತುಬಿಟ್ಟ.

ಮಳೆ ಇಲ್ಲ, ಅಲೆ ಇಲ್ಲ. ಕಡಲು ಕುಚ್ಚಲು ಗಂಜಿಯ ತಿಳಿ ಹಾಗೆ ಬಿಸಿಯಾಯ್ತು. ಹವಳ ಬಣ್ಣ ಬಿಟ್ಟು ಸುಣ್ಣದ ಹಾಗೆ ಬೆಳ್ಳಗಾಯ್ತು, ಮೀನೆಲ್ಲ ಊರು ಬಿಟ್ಟವು. ಆಯಿ, ತೋಟ ಸತ್ತರೆ ನಾವು ಬೇರೆ ಕರೆ ಹುಡುಕ್ಕೊಂಡು ಹೋಗ್ಬೇಕು ಅಂದರು ಮಕ್ಕಳು. ಯಾರನ್ನ ಉಳಿಸ್ಕೊಳ್ಳೋಕೆ ಹೊರಟಿದ್ದಳೋ ಅವರೇ ಹೊರಟು ನಿಂತರಲ್ಲ!

ಹೋಗುವ ಮುಂಚೆ ಒಂದು ಕೈ ನೋಡುವ ಅಂತ ಹಿರಿಯವ ಬಾವಿಯ ತಣ್ಣೀರು ಕೊಡಗಟ್ಟಲೆ ಒಯ್ದು ಸುರಿದ. ನಡುವಿನವ ಉದ್ದನೆ ಬಿದಿರ ಗಳು ಹಾಕಿ ಅಡಿನೀರನ್ನ ಮೇಲಕ್ಕೆ ಕದಡಿದ. ಕಿರಿಯವ ಮಡಲ ತಟ್ಟಿ ಕಟ್ಟಿ ತೋಟಕ್ಕೆ ನೆರಳು ಮಾಡಿದ. ಮೂವರಿಗೂ ಬೆನ್ನು ಬಿದ್ದುಹೋಯ್ತೇ ಹೊರತು ಒಂದು ಹವಳಕ್ಕೂ ಬಣ್ಣ ಬರಲಿಲ್ಲ.

ದಂಡೇಲಿ ಕೂತು ನೋಡ್ತಿದ್ದ ಮಾಸ್ತಮ್ಮನಿಗೆ ಆಗ ಹೊಳೀತಂತೆ. ತಂಪು ಮಾಡೋದು, ಅಡಿನೀರು ಎಬ್ಬಿಸೋದು, ಮೋಡದ ನೆರಳು ಹಾಸೋದು, ಇಷ್ಟೂ ಕೆಲಸ ಆ ಒರಟ ಒಬ್ಬನೇ ಮಾಡ್ತಿದ್ದನಲ್ಲ! ಅವಳಿಗೆ ಅವನನ್ನ ಕರೆಯೋಕೆ ನಾಲಗೆ ಏಳಲಿಲ್ಲ. ಆದರೂ ದೋಣಿ ಹತ್ತಿ ಪಡುವಕ್ಕೆ ಹೋದಳು.

ಪಡುಗಾಳಿ ಮಗ್ಗುಲು ಬದಲಿಸಿ, ಯಾಕೆ ಬಂದೆ, ನೀನೇ ಕಳಿಸಿದ್ದಲ್ವಾ ಅಂದ. ನನ್ನ ಗಂಡನ್ನ ಯಾಕೆ ತಗೊಂಡೆಯೋ ಅಂತ ಕೇಳಿದಳು. ಅವನು ಎದ್ದು ಇವಳ ಕಡೆ ತಿರುಗಿ ಕೂತ. ಆಮೇಲೆ, ಓಡಿ ಬರುವಾಗ ನಂಗೆ ಕಣ್ಣು ಕಾಣೋದಿಲ್ಲ ಮಾರಾಯ್ತಿ, ದಾರೀಲಿ ಯಾರಿದ್ದಾರೆ ಗೊತ್ತಾಗೋದಿಲ್ಲ, ಮೆಲ್ಲಗೆ ಬರೋಣ ಅಂದ್ರೆ ಅಡಿಯ ತಣ್ಣೀರು ಏಳೋದಿಲ್ಲ, ತೋಟದ ಮೀನಿಗೆ ಅನ್ನ ಸಿಗೋದಿಲ್ಲ ಅಂದನಂತೆ. ಮಾಸ್ತಮ್ಮ ದೋಣೀಲೇ ಕೂತು ಜೋರಾಗಿ ಅತ್ತಳು. ಅತ್ತು ಮುಗಿಸಿ ಸೆರಗಲ್ಲಿ ಮೂಗೊರೆಸ್ಕೊಂಡು, ಓಡಿಯೇ ಬಾ, ದಾರೀಲಿ ನಮ್ಮವರು ಯಾರೂ ಇರೋದಿಲ್ಲ ಅಂದಳು.

ತಿರುಗಿ ಬಂದವಳೇ ಊರ ದೋಣಿಗಳನ್ನೆಲ್ಲ ದಂಡೆಗೆ ಎಳೆಸಿ ಮಡಲು ಹೊದಿಸಿದಳು. ಮಳೆಗಾಲ ಪೂರ್ತಿ ಒಣಮೀನಲ್ಲೇ ಉಣ್ಬೇಕಾ ಅಂತ ಗೊಣಗಿದವರಿಗೆ, ಉಣ್ಣೋಕೆ ಬಾಯಿ ಉಳಿದಿರ್ಬೇಕಲ್ಲ ಅಂತ ಗದರಿದಳಂತೆ. ಆಮೇಲೆ ಬಂದ ನೋಡು ಪಡುಗಾಳಿ! ಕಡಲೆಲ್ಲ ಕದಡಿ ರಾಡಿ ಮಾಡಿ, ಹುಣ್ಣಿಮೆಗೆ ಮರ್ಯಾದೆಯಿಂದ ಹೋದ. ಮೂಡುಗಾಳಿ ಬಂದಳು, ನೀರು ತಿಳಿಯಾಯ್ತು, ಹವಳಕ್ಕೆ ಮೆಲ್ಲಮೆಲ್ಲನೆ ಬಣ್ಣ ಬಂತು, ಮೀನು ಬಂತು, ಮಕ್ಕಳು ಎಲ್ಲಿಗೂ ಹೋಗಲಿಲ್ಲ.

ಮರುವರ್ಷ ಪಡುಗಾಳಿ ಬಂದು ಕದ ಬಡಿದಾಗ ಮಾಸ್ತಮ್ಮ ಹೆದರಲಿಲ್ಲವಂತೆ. ಬಂದ್ಯಾ, ಬಾ ಅಂದಳು. ಆಮೇಲೆ ಒಳಗೆ ಸಾಲಾಗಿ ಮಲಗಿದ್ದ ಮೂರು ಮಕ್ಕಳ ಗೊರಕೆ ಕೇಳ್ತಾ ಕೇಳ್ತಾ, ಗಂಡ ಹೋದಮೇಲೆ ಮೊದಲ ಸಲ ಮಳೆಗಾಲದಲ್ಲಿ ಅವಳಿಗೆ ಕಣ್ತುಂಬ ನಿದ್ದೆ ಬಂತಂತೆ. ಅವಳು ಮಲಗಿದಳು, ಕತೆ ಮುಗೀತು, ನೀನೂ ಕಣ್ಮುಚ್ಚು ಮಗಾ.